ಅಫೀಮು ಬಿಟ್ಟ ಕೈ

ಮಾವನವರ ಎಡ ಅಂಗೈಯಲ್ಲಿ ಇಷ್ಟಲಿಂಗ ಅಲುಗಾಡುತ್ತಿತ್ತು. ಪೂಜೆಗೆ ನೀರು ತಂದ ನಾನು ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಬ್ರಿಟಿಷರ ಕಾಲದ ಮಾತಿದು; ಮೇಲವಂಕಿಯ ಆ ಮನೆಗೆ ನಾನು ಹೊಸ ಸೊಸೆ. ಕೀಲುನೋವಿಗೆಂದು ಶುರುಮಾಡಿ ಚಟವಾಗಿದ್ದ ಅಫೀಮನ್ನು ಮಾವನವರು ಆ ವಾರವಷ್ಟೇ ಬಿಟ್ಟಿದ್ದರು. ಉಳಿದ ಗುಳಿಗೆಗಳನ್ನು ಅತ್ತೆಯ ಕೈಗಿತ್ತು, ತಾವೇ ಬೇಡಿದರೂ ಕೊಡಬೇಡವೆಂದು ಹೇಳಿದ್ದರು. ಅಂದಿನಿಂದ ನಿದ್ದೆಯಿಲ್ಲ, ವಾಂತಿ, ಮೈತುಂಬ ಬೆವರು. ಈಗ ಕೈಯೂ ನಿಲ್ಲುತ್ತಿರಲಿಲ್ಲ.

“ಗುಳಿಗಿ ಒಂದ ಕೊಡ, ಕೈ ನಿಂದ್ರತೈತಿ,” ಎಂದರು ಅತ್ತೆಗೆ. “ಲಿಂಗಾ ಬಿದ್ರ ಆ ಪಾಪ ನಿನ್ನ ತೆಲಿ ಮ್ಯಾಲ.”

ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದು ನೆಲಕ್ಕೆ ಬಿದ್ದರೆ ಜೀವವೇ ಹೋದಂತೆ. ಲಿಂಗ ಬೆರಳುಗಳ ಕಡೆ ಜಾರಿತು. ಅತ್ತೆಯ ಕೈ ಸೊಂಟದ ಸಂಚಿಯತ್ತ ಹೋಯಿತು. ಕೊಟ್ಟೇಬಿಡುತ್ತಾರೆ ಅಂದುಕೊಂಡೆ, ಕೊಡಲಿ ಎಂದೂ ಅಂದುಕೊಂಡೆ.

ಅವರು ಕೊಡಲಿಲ್ಲ. ಮಾವನವರ ಎದುರಿಗೆ ಕುಳಿತು, ತಮ್ಮ ಎರಡೂ ಅಂಗೈಗಳನ್ನು ಅವರ ಕೈಯ ಕೆಳಗೆ ಒತ್ತಿ ಹಿಡಿದರು. ನನ್ನೆದುರು ಗಂಡನ ಚಾಪೆಯ ತುದಿಗೂ ಕೂರದಿದ್ದ ಹೆಂಗಸು.

“ಬೀಳಾಕ ನಾ ಬಿಡೂದಿಲ್ರಿ. ನೀವು ಪೂಜಿ ಮುಗಸ್ರಿ.”

ಮೂರೂ ಕೈಗಳು ಒಟ್ಟಿಗೆ ನಡುಗಿದವು. ಲಿಂಗ ಬೀಳಲಿಲ್ಲ.

ಕೆಲವು ವಾರಗಳಲ್ಲಿ ಆ ನಡುಕ ನಿಂತೇಹೋಯಿತು. ಆದರೂ ಮಾವನವರು ಬದುಕಿದ್ದ ತನಕ, ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವ ಮೊದಲು ಅಡುಗೆಮನೆಯ ಕಡೆ ನೋಡಿ ಕಾಯುತ್ತಿದ್ದರು. ಅತ್ತೆ ರೊಟ್ಟಿಹಿಟ್ಟು ಮೆತ್ತಿದ ಕೈ ತೊಳೆದುಕೊಂಡು ಬಂದು ಎದುರಿಗೆ ಕೂರುತ್ತಿದ್ದರು.