ಸಿದ್ದೇಶ್ವರಿ ಅಳೆದ ಮೂಲೆ

ಸಿದ್ದೇಶ್ವರಿ ಹುಬ್ಬಳ್ಳಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದವಳು. ಅಮೆರಿಕದ ಆಶ್‌ಬರ್ನ್‌ನಲ್ಲಿ ಜಮೀನು ಸರ್ವೆ ಮಾಡುವ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಸಾವಿರಾರು ಕಂಪ್ಯೂಟರುಗಳನ್ನು ಇಡುವ ಡೇಟಾ ಸೆಂಟರ್ ಏಳುವ ಮೊದಲು ಆ ನೆಲದ ಏರಿಳಿತ, ಮರ, ಹಳ್ಳ ಎಲ್ಲವನ್ನೂ ನಕ್ಷೆಗೆ ಇಳಿಸಬೇಕು. ಒಂದೆಡೆ ಕೂರುವ ಜಾಯಮಾನ ಅವಳದಲ್ಲ. ಆಫೀಸಿನ ಕುರ್ಚಿಗಿಂತ ಕೆಸರಿನ ಬೂಟೇ ಹಿತ.

೨೦೨೩ರ ಮಾರ್ಚಿನಲ್ಲಿ, ಗುಲಾಮರನ್ನು ದುಡಿಸುತ್ತಿದ್ದ ಕಾಲದ ಹಳೆಯ ಪ್ಲಾಂಟೇಷನ್ ಒಂದರ ಕಾಡು ಬೆಳೆದ ಮೂಲೆಯನ್ನು ಅಳೆಯುವಾಗ ಅವಳು ಕಲ್ಲೊಂದನ್ನು ಎಡವಿದಳು. ಯಾರೋ ನೆಟ್ಟ ಕಲ್ಲು. ಆರಡಿ ಆಚೆ ಇನ್ನೊಂದು ಚಿಕ್ಕದು. ನಡುವೆ ನೆಲ ಉದ್ದಕ್ಕೆ ತಗ್ಗಾಗಿತ್ತು. ಪಕ್ಕದಲ್ಲಿ ಅಂಥದೇ ಮತ್ತೊಂದು ಜೋಡಿ. ಹೆಸರಿಲ್ಲ, ಇಸವಿಯಿಲ್ಲ. ಸತ್ತವರನ್ನು ಸುಡದೆ ಹೂಳುವ ಮನೆತನದವಳಿಗೆ ಅದೇನೆಂದು ತಕ್ಷಣ ತಿಳಿಯಿತು. ಎಣಿಸಿದಳು, ಮೂವತ್ತೊಂದು ಜೋಡಿ.

ಮ್ಯಾನೇಜರ್ ಫೋಟೋ ನೋಡಿ, "ರೈತರು ಹೊಲದಿಂದ ಆರಿಸಿ ಹಾಕಿದ ಕಲ್ಲು. ನಕ್ಷೆಯಲ್ಲಿ ಬೇಡ" ಎಂದ.

ಆ ವಾರ ಅವಳು ನಕ್ಷೆಯನ್ನು ಮುಗಿಸದೆ ಇಟ್ಟಳು. ಮಧ್ಯಾಹ್ನದ ಬಿಡುವಿನಲ್ಲಿ ಅದೇ ರಸ್ತೆಯಲ್ಲಿ ಸುಮ್ಮನೆ ಕಾರು ಓಡಿಸಿದಳು. ಕೊನೆಗೆ, ಪುಟ್ಟ ಚರ್ಚೊಂದರ ಅಂಗಳ ಗುಡಿಸುತ್ತಿದ್ದ ಎಂಬತ್ತು ದಾಟಿದ ಕಪ್ಪು ಹೆಂಗಸಿನ ಬಳಿ ನಿಲ್ಲಿಸಿ ಕೇಳಿಯೇಬಿಟ್ಟಳು. ಅವರ ಹೆಸರು ಅರ್ನೆಟಾ ಪೂಲ್. ಕಲ್ಲಿನ ಮಾತು ಬಂದದ್ದೇ ಅವರ ಪೊರಕೆ ನಿಂತಿತು.

"ನಮ್ಮ ಹೆಸ್ಟರ್ ಅಲ್ಲೇ ಇದ್ದಾಳೆ. ನನ್ನ ಅಜ್ಜಿಯ ಅಜ್ಜಿ."

ಹೆಸ್ಟರ್ ದೊಡ್ಡಮನೆಯ ಅಡುಗೆಯವಳು, ಗುಲಾಮಳು. ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸಬೇಕು. ಒಡೆಯರಿಗೆ ಹಂದಿಮಾಂಸ ಬೇಯಿಸುವವಳ ಪಾಲಿಗೆ ವಾರಕ್ಕೊಮ್ಮೆ ಅಳೆದು ಕೊಡುವ ಮೆಕ್ಕೆಜೋಳದ ಹಿಟ್ಟು, ಉಪ್ಪುಮೀನು. ಭಾನುವಾರವಷ್ಟೇ ತನ್ನದು, ಅಂದು ಗುಡಿಸಲಿನ ಹಿಂದೆ ಗೆಣಸು ನೆಡುವುದು, ಮಕ್ಕಳ ಅಂಗಿಗೆ ತೇಪೆ ಹಾಕುವುದು.

"ಅವಳ ಹಿರಿಮಗನನ್ನ ದಕ್ಷಿಣದ ಗುಲಾಮ ವ್ಯಾಪಾರಿಗೆ ಮಾರಿದರು. ಅವತ್ತೂ ಹನ್ನೆರಡು ಜನಕ್ಕೆ ಅಡುಗೆ ಮಾಡಿದಳಂತೆ. ಉಪ್ಪು ಕಮ್ಮಿಯಾಗಿದೆ ಅಂತ ಯಾರೂ ಅನ್ನಲಿಲ್ಲವಂತೆ" ಎಂದರು ಅರ್ನೆಟಾ.

ಮನೆಯಲ್ಲಿ ಗಂಡ ಶಶಿಕಾಂತ್ ಹೌಹಾರಿದ. "ಈ ಉಸಾಬರಿ ನಿನಗ್ಯಾಕ? ಇಬ್ಬರ ವೀಸಾನೂ ನಿನ್ನ ನೌಕ್ರಿ ಮ್ಯಾಲೆ ಐತಿ. ಅದು ಹೋದ್ರ ಅರವತ್ತು ದಿವಸದಾಗ ದೇಶಾ ಬಿಡಬೇಕು."

"ಗೊತ್ತೈತಿ. ಆದ್ರ ನಕ್ಷಾದ ಮ್ಯಾಲೆ ನನ್ನ ಹೆಸರು ಇರ್ತೈತಿ. ಅಲ್ಲಿ ಏನೂ ಇಲ್ಲ ಅಂತ ಹೆಂಗ ಬರೀಲಿ?"

ಮರುದಿನ ಮೂವತ್ತೊಂದೂ ಗುರುತುಗಳನ್ನು ಹಾಕಿ, ನಕ್ಷೆಯನ್ನು ತಾನೇ ಕೌಂಟಿ ಕಚೇರಿಗೆ, ಅಂದರೆ ಅಲ್ಲಿನ ಜಿಲ್ಲಾ ಕಚೇರಿಗೆ, ಕಳಿಸಿದಳು. ಸೈಟಿನ ಕೆಲಸ ನಿಂತಿತು. ಮೇ ತಿಂಗಳಲ್ಲಿ ಕಂಪನಿ ಅವಳನ್ನು ತೆಗೆದುಹಾಕಿತು. ಶಶಿಕಾಂತ್ ಬೈಯುತ್ತಲೇ ಅವಳ ರೆಸ್ಯೂಮೆ ತಿದ್ದಿದ. ಕಂಡಕಂಡಲ್ಲೆಲ್ಲ ಅಪ್ಲೈ ಮಾಡಿ, ಐವತ್ತಮೂರನೆಯ ದಿನ ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಕೆಲಸ ಸಿಕ್ಕಿತು. ಈಗ ದಿನಾ ಹೋಗಿಬರುವುದಕ್ಕೇ ಎರಡೂವರೆ ಗಂಟೆ.

ಪುರಾತತ್ವದವರು ಬಂದು ನೋಡಿದಾಗ ಸಮಾಧಿಗಳು ನಲವತ್ತನಾಲ್ಕಾದವು. ಸುತ್ತ ಬೇಲಿ ಬಿತ್ತು. ಹೆಸ್ಟರ್ ಯಾವುದರಲ್ಲಿದ್ದಾಳೆಂದು ಯಾರೂ ಹೇಳಲಾರದೆ ಹೋದರು. ಅರ್ನೆಟಾ ಕೋಲೂರಿಕೊಂಡು ಒಂದೊಂದರ ಮುಂದೆಯೂ ನಿಂತು, ಅವಳ ಹೆಸರು ಹಿಡಿದು ಕರೆದರು. ಸಿದ್ದೇಶ್ವರಿ ಅವರ ಮೊಣಕೈ ಹಿಡಿದು ಜೊತೆಗೆ ನಡೆದಳು.

ಬೇಲಿಯಾಚೆ ಡೇಟಾ ಸೆಂಟರ್ ಎದ್ದೇ ಎದ್ದಿತು. ಅದರ ಫ್ಯಾನುಗಳ ಗುಂಯ್‌ಗುಡುವ ಸದ್ದು ಸಮಾಧಿಗಳ ಮೇಲೆ ಹಗಲಿರುಳೂ ಸುರಿಯುತ್ತದೆ. "ಈ ಸದ್ದಿನ ಬಗ್ಗೆಯೂ ಕೌಂಟಿಗೆ ಒಂದು ಅರ್ಜಿ ಬರಿ" ಎಂದರು ಅರ್ನೆಟಾ. ಸಿದ್ದೇಶ್ವರಿ ಕಾರಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ನಿಂತೇ ಟೈಪ್ ಮಾಡತೊಡಗಿದಳು.