ಎಣ್ಣೆ ಕಂಡ ಎಂಜಿನ್

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಮಗ್ಗ ಬಿಟ್ಟ ಮೇಲೆ ಹಳೆಯ ಕಾರೊಂದನ್ನು ಕೊಂಡರು. ಬಹಳ ಓಡಿದ ಗಾಡಿ. ಮಗ್ಗಕ್ಕೆ ದಿನವೂ ಎಣ್ಣೆ ಬಿಟ್ಟು ರೂಢಿಯಾದ ಕೈ, ದಿನಾ ಮುಂಜಾನೆ ಎಂಜಿನ್ನಿಗೂ ಒಂದಿಷ್ಟು ಸುರಿಯುತ್ತಿತ್ತು. "ಎಣ್ಣಿ ಕಂಡ ಯಂತ್ರಕ್ಕ ಮುಪ್ಪಿಲ್ಲ" ಎನ್ನುವರು. ಎಣ್ಣೆ ಅಳೆಯುವ ಕಡ್ಡಿಯ ಮೇಲಿನ ಗೆರೆ ದಾಟಿದರೆ ಎಂಜಿನ್ ಹೊಗೆ ಉಗುಳುತ್ತದೆ ಎಂದು ಮೆಕ್ಯಾನಿಕ್ ಹೇಳಿದರೆ, "ಮಗ್ಗಕ್ಕ ಯಾವ ಗೆರಿ ಇತ್ತಲೇ?" ಎಂದು ಅವನ ಬಾಯಿ ಮುಚ್ಚಿಸುವರು.

ನಮ್ಮ ಮನೆತನದ ಮೊದಲ ಪದವಿ ನನ್ನದು. ಘಟಿಕೋತ್ಸವದ ದಿನ ನಾಗಾವಿಯ ವಿಶ್ವವಿದ್ಯಾಲಯಕ್ಕೆ ಬಸ್ಸು ಹಿಡಿಯಲು ಹೊರಟವಳನ್ನು ಕಾಕಾ ತಡೆದರು. "ಡಿಗ್ರಿ ತಗೊಳ್ಳಾಕ ಬಸ್ಸಿನ್ಯಾಗ ಜೋತಾಡಕೋಂತ ಹೋಗ್ತಿಯೇನ ತಂಗಿ? ಕುಂಡ್ರು!"

ಅರ್ಧ ದಾರಿಯಲ್ಲಿ ನೀಲಿ ಹೊಗೆ ಎದ್ದು ಕಾರು ನಿಂತಿತು. ಸಮಾರಂಭದ ಹೊತ್ತು ಮೀರುತ್ತಿತ್ತು. ಹಿಂದೆ ಬಂದ ಬಸ್ಸಿಗೆ ಕೈ ಮಾಡಿ ಹತ್ತಿದೆ. ಕಾಕಾ ಕಿಟಕಿಯ ಕೆಳಗೆ ಓಡುತ್ತ ಬಂದು ಕೂಗಿದರು: "ನಿನ್ನ ಗಡಿಬಿಡ್ಯಾಗ ಇವತ್ತ ಎಣ್ಣಿ ಹಾಕೋದು ಮರ್ತನಿ ನೋಡವಾ!"