ಗುವಾಹಟಿಗೆ ಎರಡೂಮುಕ್ಕಾಲು ತಾಸು

ಹೈದರಾಬಾದಿನಿಂದ ಗುವಾಹಟಿಗೆ ವಿಮಾನದಲ್ಲಿ ಸುಮಾರು ಸಾವಿರದ ಏಳುನೂರು ಕಿಲೋಮೀಟರ್, ಎರಡೂಮುಕ್ಕಾಲು ತಾಸು. ಅದನ್ನು ಫೋನೇ ಹೇಳುತ್ತದೆ. ನಮ್ಮ ಮನೆಯಿಂದ ಹೊರಡುವುದಾದರೆ ಅವ್ವನ ಪಂಚಾಂಗವನ್ನೂ ದಾಟಬೇಕು. ಅದಕ್ಕೆಷ್ಟು ಹೊತ್ತು ಹಿಡಿಯುತ್ತದೆಂದು ಯಾವ ಫೋನೂ ಹೇಳುವುದಿಲ್ಲ.

ಗುವಾಹಟಿಯಲ್ಲಿರುವ ತಂಗಿಗೆ ಮೊದಲ ಸಲ ದಿನ ತುಂಬಿದಾಗ ನಾನು ಹೊರಟು ನಿಂತಿದ್ದೆ. ಅಮಾವಾಸ್ಯೆ ಎಂದು ಅವ್ವ ತಡೆದಳು. ನಾನೂ ತಲೆಯಾಡಿಸಿದೆ, ನನ್ನ ಬುದ್ಧಿಗಿಷ್ಟು! ಎರಡು ದಿನದ ಮೇಲೆ, ಅವ್ವ ಆರಿಸಿದ ಬಿದಿಗೆಯ ದಿನ, ನಾನು ವಿಮಾನದಲ್ಲಿರುವಾಗಲೇ ಕೂಸು ಹುಟ್ಟಿ ತೀರಿಹೋಗಿತ್ತು. ತಂಗಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ಸಲ ಆಕೆ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಅಕ್ಕಾ, ಬುಧವಾರ ಸಂಜಿಕೆ ಆಪರೇಷನ್ ಐತಿ. ನೀ ಬಾಜೂಕ ಇರಬೇಕು.” ಬುಧವಾರ ಮತ್ತೆ ಅಮಾವಾಸ್ಯೆ. ಈ ಸಲ ಯಾರು ಅಡ್ಡ ಮಲಗಿದರೂ ದಾಟಿ ಹೋಗುತ್ತೇನೆ ಎಂದೆ.

ಅವ್ವ ರಾಜಿಗೆ ಬಂದಳು. ಹೊರಡುವ ದಿನ ಒಳ್ಳೆಯದಿಲ್ಲದಿದ್ದರೆ ನಮ್ಮಲ್ಲಿ ಪ್ರಸ್ಥಾನ ಇಡುತ್ತಾರೆ. ಹೊರಡುವವರ ಸಾಮಾನೊಂದನ್ನು ಹಿಂದಿನ ದಿನವೇ ಒಳ್ಳೆಯ ಗಳಿಗೆಯಲ್ಲಿ ನೆರೆಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಸನತ್‌ನಗರದ ನಮ್ಮ ಎದುರುಮನೆಯ ತೆಲುಗು ದಂಪತಿ ಒಪ್ಪಿದರು. ಏನಾದರೂ ಮಾಡಿಕೊಳ್ಳಲಿ ಎಂದು ಮಂಗಳವಾರ ನಾನು ಸಿಟ್ಟಿನಲ್ಲಿ ಬರಿಗೈಯಲ್ಲೇ ಬಾಲಾನಗರದ ಕಾರ್ಖಾನೆಗೆ ಕೆಲಸಕ್ಕೆ ಹೋದೆ.

ಬುಧವಾರ ಬೆಳಿಗ್ಗೆ ಕ್ಯಾಬ್ ಬಂದು ನಿಂತಿದೆ, ನನ್ನ ಪರ್ಸು ಕಾಣುತ್ತಿಲ್ಲ. ಆಧಾರ್ ಕಾರ್ಡು ಅದರಲ್ಲೇ ಇತ್ತು. ಅದಿಲ್ಲದೆ ವಿಮಾನ ನಿಲ್ದಾಣದ ಬಾಗಿಲನ್ನೂ ದಾಟಲಾಗದು. ಫೋನಿನಲ್ಲಿ ನಕಲು ಇಟ್ಟುಕೊಳ್ಳುವ ಜಾಣತನ ನನಗಿರಲಿಲ್ಲ.

“ದಿನಾ ನಿನ್ನ ಕೈಯಾಗ ಇರೂದು ಪರ್ಸ ಅಲ್ಲೇನು, ಅದಕ್ಕ ಅದನ್ನ ಪ್ರಸ್ಥಾನಕ್ಕ ಇಟ್ಟೀನಿ,” ಎಂದಳು ಅವ್ವ.

ಎದುರುಮನೆಗೆ ಬೀಗ. ದಂಪತಿ ಯಾವುದೋ ಅವಸರದಲ್ಲಿ ಹಿಂದಿನ ಸಂಜೆಯೇ ವರಂಗಲ್ಲಿಗೆ ಹೋಗಿದ್ದರು.

“ನೋಡು, ಅಮಾಸಿ ಬಿಡಂಗಿಲ್ಲ. ಶುಕ್ರವಾರ ಹೋಗು,” ಎಂದಳು ಅವ್ವ.

ನನಗೆ ಮೈಯೆಲ್ಲ ಉರಿಯಿತು. ಎದುರುಮನೆಯಾಕೆಗೆ ಫೋನ್ ಹಚ್ಚಿದೆ. “ಪಗಲಗೊಟ್ಟಂಡಿ ಅಕ್ಕಾ, ಏಂ ಪರವಾಲೇದು,” ಎಂದಳು ಪುಣ್ಯಾತ್ಗಿತ್ತಿ. ಒಡೆಯಿರಿ ಎಂದ ಮೇಲೆ ಕೇಳಬೇಕೆ? ಇಪ್ಪತ್ತು ವರ್ಷ ಕಬ್ಬಿಣ ಕೊಯ್ದ ಕೈ ಇದು. ಗರಗಸ ತಂದು ಬೀಗಕ್ಕೆ ಹಚ್ಚಿದೆ. ಓಣಿಯ ಮಂದಿ ಬಂದು ನಿಂತು ನೋಡಿದರು. ನೋಡಲಿ. “ಜಲ್ದೀ ಕರೋ ಮೇಡಂ, ಫ್ಲೈಟ್ ಛೂಟ್ ಜಾತಿ,” ಎಂದು ಕ್ಯಾಬಿನವನು ವಿಮಾನ ತಪ್ಪುವ ಭಯಕ್ಕೆ ಕೂಗುತ್ತಿದ್ದ. ಬೀಗ ಕಳಚಿತು. ಪರ್ಸು ದೇವರ ಜಗಲಿಯ ಮೇಲೆ ಅರಿಶಿನ ಕುಂಕುಮ ಹಚ್ಚಿಕೊಂಡು ಕೂತಿತ್ತು. ಕಸಿದುಕೊಂಡು ಓಡಿದೆ.

ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ಆಕಾಶದಲ್ಲಿ ಯಾರೂ ಅಡ್ಡ ಬರಲಿಲ್ಲ.

ಆಸ್ಪತ್ರೆಯಲ್ಲಿ ಆಪರೇಷನ್ ಕೋಣೆಯೊಳಗೆ ಒಯ್ಯುವ ಮೊದಲು ತಂಗಿ ನನ್ನ ಮಣಿಕಟ್ಟು ಹಿಡಿದಳು. ನರ್ಸ್ ಬಂದು ಬಿಡಿಸಬೇಕಾಯಿತು. ಒಂದು ತಾಸಿನ ಮೇಲೆ ಹೆಣ್ಣುಕೂಸು ಅತ್ತಿತು, ನಾನೂ ಅತ್ತೆ.

ಫೋನಿನಲ್ಲಿ ಅವ್ವನೂ ಅತ್ತಳು. ಆಮೇಲೆ ದನಿ ತಗ್ಗಿಸಿ, “ಮಂದಿಗೆ ನಾಳೆ ಹುಟ್ಟ್ಯಾಳಂತ ಹೇಳೂಣು. ಅಮಾಸಿ ಕೂಸು ಅನ್ನೂದು ಬ್ಯಾಡ,” ಎಂದಳು.

“ಮೊದಲನೇದು ಭಾಳ ಚೊಲೋ ದಿನ ಹುಟ್ಟಿತ್ತವ್ವಾ,” ಎಂದೆ. “ಇಕಿ ಅಮಾಸಿಗೆ ಹುಟ್ಟಿ ಉಸಿರಾಡಾಕತ್ತಾಳ. ಎಲ್ಲಾರಿಗೂ ಹಂಗ ಹೇಳು.”